ಕಾಕಾನ ಬಂದೂಕಿನ ಗುರುತು

ಕಾಕಾ ತೀರಿಕೊಂಡು ಮೂರು ವಾರವಾಗಿತ್ತು. ಮೆಲ್ಬರ್ನ್‌ನ ವಕೀಲರೊಬ್ಬರು ನನಗೆ ಇಮೇಲ್ ಕಳಿಸಿದರು. ಉಯಿಲಿನ ಪ್ರಕಾರ ಅಲ್ಲಿನ ಪಾಯಿಂಟ್ ಕುಕ್‌ನಲ್ಲಿದ್ದ ಕಾಕಾನ ಮನೆ ಮಾರಿ ಬಂದ ಹಣ ಧಾರವಾಡದ ಒಂದು ವಿದ್ಯಾರ್ಥಿ ನಿಲಯಕ್ಕೆ, ಪುಸ್ತಕಗಳು ಪಕ್ಕದ ಮನೆಯವರಿಗೆ, ಒಂದು ಹಳೆಯ ರೈಫಲ್ ನನಗೆ. ಆ ಕೊನೆಯ ಸಾಲನ್ನು ನಾನು ಸಿಡ್ನಿಯ ಮ್ಯಾಕ್ವೆರಿ ಪಾರ್ಕ್‌ನ ಆಫೀಸಿನಲ್ಲಿ, ಮೈಕ್ರೋವೇವ್ ಮುಂದೆ ಊಟದ ಡಬ್ಬಿ ಹಿಡಿದು ನಿಂತಲ್ಲೇ, ಮತ್ತೆ ಮತ್ತೆ ಓದಿದೆ.

ಸಂಶಯಪಡುವುದೇ ನನ್ನ ಉದ್ಯೋಗ. ಔಷಧ ಕಂಪನಿಯೊಂದರಲ್ಲಿ ಬ್ಯಾಚ್ ದಾಖಲೆಗಳ ತಪಾಸಣೆ ಮಾಡುತ್ತೇನೆ. ಡಬ್ಬಿಯ ಮೇಲಿನ ನಂಬರಿಗೂ ಕಾಗದದ ನಂಬರಿಗೂ ಒಂದು ಅಂಕಿ ವ್ಯತ್ಯಾಸ ಬಂದರೆ ಇಡೀ ಸರಕು ತಡೆದು ನಿಲ್ಲಿಸಿ, ಯಾರು, ಯಾವಾಗ, ಯಾಕೆ ಎಂದು ಕೇಳುತ್ತೇನೆ. ಹದಿನೆಂಟು ವರ್ಷ ಇದನ್ನೇ ಮಾಡಿ ಮನೆಯಲ್ಲೂ ಅದೇ ಬುದ್ಧಿ ಬಂದಿದೆ ಎಂದು ನನ್ನ ಗಂಡ ಹೇಳುತ್ತಾರೆ. ಆದರೆ ಕಾಕಾನ ಮೇಲಿನ ಸಂಶಯ ನನಗೆ ಆಫೀಸಿನಿಂದ ಬಂದದ್ದಲ್ಲ. ಅದು ಅಪ್ಪನಿಂದ ಬಂದದ್ದು.

ನನ್ನ ಅಜ್ಜ, ಎಂದರೆ ಅಪ್ಪನ ತಂದೆ, ಬ್ರಿಟಿಷರ ಕಾಲದಲ್ಲಿ ಬೆಳಗಾವಿ ಕಡೆಯ ಒಂದು ಸಣ್ಣ ಸಂಸ್ಥಾನದ ಖಜಾನೆಗೆ ಪಹರೆ ಕಾಯುತ್ತಿದ್ದ. ಸಂಸ್ಥಾನ ವಿಲೀನವಾದಾಗ ಪಹರೆಯವರೆಲ್ಲ ತಮ್ಮ ಬಂದೂಕು ಒಪ್ಪಿಸಬೇಕಾಗಿತ್ತು. ಅಜ್ಜ ಒಪ್ಪಿಸಲಿಲ್ಲ. ಎಣ್ಣೆ ಹಚ್ಚಿ, ಗೋಣಿಚೀಲದಲ್ಲಿ ಸುತ್ತಿ, ಮನೆಯ ಹಗೇವಿನಲ್ಲಿ, ಜೋಳ ತುಂಬಿಡುವ ನೆಲದಡಿಯ ಗುಂಡಿಯಲ್ಲಿ, ಇಟ್ಟುಬಿಟ್ಟ. ಯಾಕೆ ಎಂದು ಯಾರಿಗೂ ಹೇಳಲಿಲ್ಲ. ಅವನು ಸತ್ತ ಮೇಲೂ ಅದು ಅಲ್ಲೇ ಇತ್ತು. ಮನೆಯಲ್ಲಿ ಆಯಿಗೆ, ಎಂದರೆ ನನ್ನ ಅಜ್ಜಿಗೆ, ಅಪ್ಪನಿಗೆ, ಅಪ್ಪನ ತಮ್ಮನಾದ ಕಾಕಾನಿಗೆ, ಈ ಮೂವರಿಗೆ ಮಾತ್ರ ಗೊತ್ತಿತ್ತು. ಕಾಕಾ ಕೃಷಿ ವಿಜ್ಞಾನ ಓದಿ ಆಸ್ಟ್ರೇಲಿಯಾಕ್ಕೆ ಹೋದ ವರ್ಷ ಅಪ್ಪ ಹಗೇವಿಗೆ ಇಳಿದು ನೋಡಿದರೆ ಚೀಲವೂ ಇರಲಿಲ್ಲ, ಬಂದೂಕೂ ಇರಲಿಲ್ಲ.

ಅಲ್ಲಿಂದ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅಣ್ಣತಮ್ಮಂದಿರಲ್ಲಿ ಮಾತಿಲ್ಲ. ಕಾಕಾ ಬರೆದ ಕಾಗದಗಳನ್ನು ಅಪ್ಪ ಒಡೆಯದೆ ಹಿಂದಿರುಗಿಸಿದರು. ನಾನು ಸಿಡ್ನಿಗೆ ಬಂದ ಮೇಲೆ, ಕೆಲಸದ ಮೇಲೆ ಮೆಲ್ಬರ್ನ್‌ಗೆ ಹೋದಾಗೆಲ್ಲ ಅಪ್ಪನಿಗೆ ಹೇಳದೆ ಕಾಕಾನನ್ನು ನೋಡಿ ಬರುತ್ತಿದ್ದೆ. ಮದುವೆಯಾಗದ ಮನುಷ್ಯ. ಮನೆಗೆ ಮೊಟ್ಟೆ ಕೂಡ ತರುತ್ತಿರಲಿಲ್ಲ. ಸ್ನಾನ, ವಿಭೂತಿ, ಲಿಂಗಪೂಜೆ ಆಗದೆ ಚಹಾ ಕುಡಿಯುತ್ತಿರಲಿಲ್ಲ. ಅಂಥವನ ಗ್ಯಾರೇಜಿನಲ್ಲಿ ಬಂದೂಕು ಇದೆ ಎಂದು ಒಂದು ಸಲವೂ ಅವನು ನನಗೆ ಹೇಳಿರಲಿಲ್ಲ.

ಅಪ್ಪ ಆರು ವರ್ಷದಿಂದ ನಮ್ಮ ಜೊತೆ ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿದ್ದಾರೆ. ತಮ್ಮ ಹೋದ ಸುದ್ದಿ ಹೇಳಿದ ದಿನ ತಲೆಗೆ ನೀರು ಹಾಕಿಕೊಂಡು ಬಂದರು, ಅಷ್ಟೇ. ಮಣ್ಣು ಮಾಡಲು ಬರುತ್ತೀರಾ ಎಂದರೆ ಮೈಯಲ್ಲಿ ಆರಾಮಿಲ್ಲ ಎಂದರು. ನಾನೊಬ್ಬಳೇ ಹೋಗಿ ಅದೇ ದಿನ ಬಂದಿದ್ದೆ. ಈಗ ಉಯಿಲಿನ ಮಾತು ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿ, ಮೂರನೆಯ ದಿನ ಊಟ ಬಡಿಸುತ್ತ ಹೇಳಿದೆ.

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಕಡೀಕ ತಾನ ಒಪ್ಕೊಂಡ ನೋಡು," ಎಂದರು.

"ಅದ ಬಂದೂಕಂತ ಹೆಂಗ ಹೇಳ್ತೀರಿ ಅಪ್ಪಾ?"

"ಒಂದು ಇರಿವಿ ತುಳದಾಂವಲ್ಲ ಅಂವ. ಅಂಥಾಂವನ ಮನ್ಯಾಗ ಮತ್ಯಾವ ಬಂದೂಕ ಇರ್ತದ?"

"ವಿಮಾನದಾಗ ಬಂದೂಕ ತರ್ಲಿಕ್ಕೆ ಬಿಡ್ತಾರೇನು?"

"ಈಗ ಬಿಡೂದಿಲ್ಲ. ಆವಾಗ ಯಾರ್ ನೋಡ್ತಿದ್ರು? ಬಿಚ್ಚಿದ್ರ ಮೂರ್ ತುಂಡು. ಹಾಸಗ್ಯಾಗ ಸುತ್ತಿದ್ರ ಮುಗೀತು."

ಊಟವಾದ ಮೇಲೆ ತಮ್ಮ ಸೂಟ್‌ಕೇಸಿನಿಂದ ಒಂದು ಫೋಟೋ ತಂದು ನನ್ನ ಮುಂದೆ ಇಟ್ಟರು. ಖಜಾನೆಯ ಬಾಗಿಲ ಮುಂದೆ ಅಜ್ಜ ತಲೆಗೆ ಪಟಗಾ ಸುತ್ತಿಕೊಂಡು ನಿಂತಿದ್ದಾನೆ, ಬಂದೂಕು ಪಕ್ಕದಲ್ಲಿ ನೆಲಕ್ಕೆ ಊರಿದೆ. ನಳಿಗೆಯ ತುದಿಯವರೆಗೂ ಮರದ ಹೊದಿಕೆ, ತುದಿ ಮೊಂಡು ಮೂಗಿನ ಹಾಗೆ. "ಇದನ್ನ ತಗೊಂಡ್ ಹೋಗು. ತಾಳೆ ಹಾಕಿ ನೋಡ್ಕೊಂಡ್ ಬಾ," ಎಂದರು.

ಒಂದು ಶುಕ್ರವಾರ ರಜೆ ಹಾಕಿ ಹೋದೆ. ವಿಮಾನ ನಿಲ್ದಾಣಕ್ಕೆ ಕಾಕಾನ ಪಕ್ಕದ ಮನೆಯವರು ಬಂದಿದ್ದರು. ಹುಬ್ಬಳ್ಳಿಯವರು, ನಲವತ್ತರ ಆಸುಪಾಸು. ಓದಲು ಬಂದು, ಪಿಆರ್, ಎಂದರೆ ಕಾಯಂ ವಾಸದ ಪರವಾನಗಿ, ಸಿಕ್ಕಿ, ಈಗ ಐಟಿ ಕೆಲಸದಲ್ಲಿದ್ದಾರೆ. ಕಾಕಾನ ಕೊನೆಯ ವರ್ಷಗಳಲ್ಲಿ ಆಸ್ಪತ್ರೆಗೆ, ಅಂಗಡಿಗೆ ಕರೆದೊಯ್ದವರು ಅವರೇ. ಮನೆಯ ಕೀಲಿಯೂ ಅವರ ಹತ್ತಿರವೇ ಇತ್ತು. ಫ್ರೀವೇ ಉದ್ದಕ್ಕೂ ಮಾರ್ಟ್‌ಗೇಜ್, ಮಕ್ಕಳ ಶಾಲೆ, ಎಲ್ಲದರ ಬಗ್ಗೆ ಮಾತಾಡಿದರು. ಬಂದೂಕಿನ ಮಾತು ತೆಗೆದ ಕೂಡಲೇ ಚುಟುಕಾದರು.

"ಪೊಲೀಸ್ರು ಬಂದಿದ್ರು ಅಕ್ಕಾರ. ಲೈಸೆನ್ಸ್ ಇದ್ದಾವ್ರು ತೀರ್ಕೊಂಡ್ರಂದ್ರ ಮನ್ಯಾಗ ಇಡೂ ಹಂಗಿಲ್ಲಂತ. ಬಂದೂಕ ಮಾರೂ ಡೀಲರ್ ಕಡೆ ಕಳಿಸೇವಿ."

"ನಿಮಗ ಮೊದಲ ಗೊತ್ತಿತ್ತಾ, ಅವರ ಕಡೆ ಇದ್ದದ್ದು?"

"ಹೂಂ, ಒಂದಷ್ಟು ಗೊತ್ತಿತ್ತು," ಎಂದು ಕನ್ನಡಿ ನೋಡಿ ಲೇನ್ ಬದಲಿಸಿದರು.

ಮೊದಲು ಕಾಕಾನ ಮನೆಗೆ ಹೋದೆವು. ಗ್ಯಾರೇಜಿನ ಗೋಡೆಗೆ ಬಿಗಿದ ಉಕ್ಕಿನ ಕಪಾಟು ತೆರೆದೇ ಇತ್ತು, ಖಾಲಿ. ಪಕ್ಕದಲ್ಲಿ ಬೀಗದ ಇನ್ನೊಂದು ಸಣ್ಣ ಪೆಟ್ಟಿಗೆ. ಗುಂಡಿನ ತೋಟಾಗಳನ್ನು ಬಂದೂಕಿನಿಂದ ಬೇರೆಯಾಗಿಯೇ ಇಡಬೇಕೆಂಬ ನಿಯಮ ಇದೆಯಂತೆ. ಅದೂ ಖಾಲಿ. ಆದರೆ ಅದರೊಳಗಿನ ಧೂಳಿನಲ್ಲಿ ಒಂದು ಚೌಕ ಮಾತ್ರ ಸ್ವಚ್ಛವಾಗಿತ್ತು, ಯಾವುದೋ ಡಬ್ಬಿಯನ್ನು ಇತ್ತೀಚೆಗೆ ಎತ್ತಿದ ಹಾಗೆ.

"ಇಲ್ಲೇನಿತ್ತು?"

"ಗೊತ್ತಿಲ್ರಿ ಅಕ್ಕಾರ."

ನೋಡದೆಯೇ ಹೇಳಿದ ಮಾತು ಅದು. ಹದಿನೆಂಟು ವರ್ಷದಲ್ಲಿ ಇಂಥ ಎಷ್ಟೋ "ಗೊತ್ತಿಲ್ಲ"ಗಳನ್ನು ಕೇಳಿದ್ದೇನೆ. ಫೋನ್ ತೆಗೆದು ಆ ಚೌಕದ ಫೋಟೋ ಹೊಡೆದುಕೊಂಡೆ. ಅವರು ಮುಖ ಆಚೆ ತಿರುಗಿಸಿದರು.

ಡೀಲರ್ ಅಂಗಡಿ ಪಶ್ಚಿಮದ ಕೈಗಾರಿಕಾ ಪ್ರದೇಶದ ಒಂದು ತಗಡಿನ ಶೆಡ್. ಒಳಗೆ ಅರವತ್ತು ದಾಟಿದ ಆಸ್ಟ್ರೇಲಿಯನ್ ಒಬ್ಬರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಇಲ್ಲಿ ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ. ಹಸಿರು ಬಟ್ಟೆ ಹಾಸಿದ ಮೇಜಿನ ಮೇಲೆ ಬಂದೂಕು ಇಟ್ಟು, ತೋಟಾವನ್ನು ಒಳಗೆ ತಳ್ಳುವ ಚಿಲಕದಂಥ ಬೋಲ್ಟನ್ನು ಹೊರಗೆ ಎಳೆದು ಪಕ್ಕಕ್ಕಿಟ್ಟರು. "ನಿಮಗೆ ಲೈಸೆನ್ಸ್ ಇಲ್ಲ. ನೋಡಿ, ಫೋಟೋ ತೆಗೆಯಿರಿ, ಎತ್ತಬೇಡಿ," ಎಂದರು.

ನನಗೆ ಮೊದಲು ಕಂಡದ್ದು ಅದು ತುಂಡಾಗಿದ್ದದ್ದು. ಅಜ್ಜನ ಫೋಟೋದಲ್ಲಿ ತುದಿಯವರೆಗೂ ಇದ್ದ ಮರ ಇಲ್ಲಿ ಅರ್ಧಕ್ಕೇ ಮುಗಿದು, ನಳಿಗೆ ಬೆತ್ತಲೆಯಾಗಿ ಮುಂದೆ ಚಾಚಿತ್ತು. ಮೊಂಡು ಮೂಗು ಇಲ್ಲ. ಗುರಿ ನೋಡುವ ಕಣ್ಣು ಬೇರೆಯದು. ಟ್ರಿಗರ್ ಹಿಂದೆ, ಮರ ಮತ್ತು ಕಬ್ಬಿಣ ಸೇರುವ ಪಟ್ಟಿಯ ಮೇಲೆ ಇಂಥ ಬಂದೂಕುಗಳಿಗೆಲ್ಲ ಒಂದು ಕಿರೀಟ, ಕಾರ್ಖಾನೆಯ ಹೆಸರು, ಇಸವಿ ಇರುತ್ತವಂತೆ. ಇಲ್ಲಿ ಅರ್ಧ ಕಿರೀಟ ಉಳಿದಿತ್ತು. ಕೆಳಗೆ ಎಲ್ಲ ಉಜ್ಜಿ ನುಣುಪಾಗಿತ್ತು. ಬೋಲ್ಟಿನ ಹಿಡಿಯ ಮೇಲೆ ಒಂದು ನಂಬರು, ಬಂದೂಕಿನ ಮೈಮೇಲೆ ಇನ್ನೊಂದು.

"ಇದು ಎಲ್ಲಿಯದು?"

"ಸೈನ್ಯದ ರೈಫಲ್. ಆಮೇಲೆ ಯಾರೋ ಬೇಟೆಗೆ ಬೇಕಾದ ಹಾಗೆ ಹಗುರ ಮಾಡಿಸಿದ್ದಾರೆ. ಈ ಮಾದರಿಯನ್ನು ಇಂಗ್ಲೆಂಡಿನಲ್ಲಿ ಮಾಡಿದರು, ಇಲ್ಲಿ ಮಾಡಿದರು, ಇಂಡಿಯಾದಲ್ಲೂ ಮಾಡಿದರು."

ಇಂಡಿಯಾ ಎಂದ ಕೂಡಲೇ ನಾನು ಚೀಲದಿಂದ ಅಜ್ಜನ ಫೋಟೋ ತೆಗೆದೆ. ಅವರು ಕನ್ನಡಕ ಹಣೆಗೆ ಏರಿಸಿ, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. "ಅದೇ ಮಾದರಿ," ಎಂದರು. "ಇದೇ ಬಂದೂಕು ಎಂದು ಹೇಳಲಾರೆ. ಅಲ್ಲ ಎಂದೂ ಹೇಳಲಾರೆ."

"ಹೆಸರನ್ನು ಯಾಕೆ ಅಳಿಸಿದ್ದಾರೆ?"

"ಪಾಲಿಶ್ ಮಾಡುವಾಗ ಹೋಗಿರಬಹುದು."

"ನಂಬರು ಯಾಕೆ ಹೊಂದುತ್ತಿಲ್ಲ?"

"ಅದಕ್ಕೆ ಹಲವು ಕಾರಣ ಇರುತ್ತವೆ. ಮರ ಬಿಚ್ಚಿ, ನಳಿಗೆ ಅಳತೆ ಮಾಡದೆ ಏನೂ ಹೇಳುವುದಿಲ್ಲ. ಲೈಸೆನ್ಸ್ ಕಾಗದದಲ್ಲಿ ಬರೆದಿರುವ ಅಳತೆಯ ಮೇಲೂ ನನಗೆ ನಂಬಿಕೆಯಿಲ್ಲ. ನಿಮ್ಮ ಒಪ್ಪಿಗೆ ಬರವಣಿಗೆಯಲ್ಲಿ ಬೇಕು."

ಮರ ಕತ್ತರಿಸಿದೆ, ಹೆಸರು ಉಜ್ಜಿದೆ, ನಂಬರು ಕೂಡುವುದಿಲ್ಲ, ಕಾಗದವೂ ಸರಿಯಿಲ್ಲ. ಕದ್ದ ಮಾಲನ್ನು ಮುಚ್ಚಿಡುವವನು ಇದಕ್ಕಿಂತ ಹೆಚ್ಚೇನು ಮಾಡಿಯಾನು? ಕಾಕಾನ ಮೃದು ಮಾತು, ಅವನ ಪೂಜೆ, ಎಲ್ಲ ನನಗೆ ಬೇರೆ ಬಣ್ಣದಲ್ಲಿ ಕಾಣತೊಡಗಿತು. ಅಷ್ಟೇ ಅಲ್ಲ, ನಾನು ಒಪ್ಪಿಗೆ ಕೊಟ್ಟು ಹೋದ ಮೇಲೆ ಈ ಮನುಷ್ಯ ಒಳಗಿನ ಯಾವ ಭಾಗ ಬದಲಾಯಿಸಿದರೂ ನನಗೆ ತಿಳಿಯುವುದಿಲ್ಲವಲ್ಲ ಎಂಬ ಹೆದರಿಕೆ. "ಬಿಚ್ಚುವುದಾದರೆ ನನ್ನ ಎದುರಿಗೇ ಬಿಚ್ಚಬೇಕು," ಎಂದೆ. ಆಮೇಲೆ ಒಂದೊಂದು ಸ್ಕ್ರೂ, ಮರದ ಒಂದೊಂದು ಗೀರು ಬಿಡದೆ ಅರವತ್ತು ಫೋಟೋ ತೆಗೆದೆ. ಅವರು ಬೇಸರಿಸಲಿಲ್ಲ. ಎರಡು ವಾರ ಬಿಟ್ಟು ಬನ್ನಿ ಎಂದರು.

ಸಿಡ್ನಿಗೆ ಬಂದು ಅಪ್ಪನಿಗೆ ಫೋಟೋ ತೋರಿಸಿದೆ. ಅವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಆ ನುಣುಪು ಪಟ್ಟಿಯ ಮೇಲೆ ಬೆರಳಿಟ್ಟರು.

"ಇಲ್ಲೆ ಹೆಸರಿತ್ತು. ಒರಿಸ್ಯಾನ. ಅಪ್ಪನ ಕೈಯಾಗಿನ ಬಂದೂಕಿನ ಮೂಗ ಕೊಯ್ದಾನ."

"ಇನ್ನೂ ಖಾತ್ರಿ ಆಗಿಲ್ರಿ."

"ನಿನಗ ಆಗಿಲ್ಲ," ಎಂದು ಫೋನ್ ವಾಪಸು ಕೊಟ್ಟರು.

ಆ ಎರಡು ವಾರ ನಮ್ಮ ಮನೆಯಲ್ಲಿ ಕಾಕಾ ಬದುಕಿದ್ದಾಗ ಇರದಷ್ಟು ಇದ್ದ. ಬೆಳಿಗ್ಗೆ ಸ್ಟೇಷನ್ ಹತ್ತಿರದ ಅಂಗಡಿಯಿಂದ ಮೆಂತ್ಯೆ ಸೊಪ್ಪು ತಂದು ಸೋಸುತ್ತ ಅಪ್ಪ ತಮ್ಮಷ್ಟಕ್ಕೆ ಮಾತಾಡುತ್ತಿದ್ದರು. ಚಿಕ್ಕಂದಿನಿಂದ ಅಂವ ಹಂಗ, ಕೇಳದ ತಗೋತಿದ್ದ. ನನ್ನ ಅಂಗಿ ಹಾಕ್ಕೊಂಡ ಕಾಲೇಜಿಗೆ ಹೋಗ್ತಿದ್ದ. ನಾನು ಕೇಳುತ್ತ, ಕೇಳುತ್ತ, ನಂಬುತ್ತಲೂ ಇದ್ದೆ. ಒಂದು ಪ್ರಶ್ನೆ ಮಾತ್ರ ಬಿಡದೆ ಕಾಡುತ್ತಿತ್ತು. ಕದ್ದದ್ದೇ ನಿಜವಾದರೆ, ಅದನ್ನು ಅಣ್ಣನ ಮಗಳ ಹೆಸರಿಗೆ ಬರೆದಿಟ್ಟು ಹೋಗುವವನು ಎಂಥ ಕಳ್ಳ?

ಎರಡನೆಯ ಸಲ ಹೋದಾಗ ಹುಬ್ಬಳ್ಳಿಯವರೇ ಮತ್ತೆ ಕಾರು ತಂದಿದ್ದರು. ಈ ಸಲ ಮಾತೇ ಇಲ್ಲ. ಫ್ರೀವೇ ಇಳಿದ ಮೇಲೆ ಒಂದು ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿದರು. ಪೆಟ್ರೋಲ್ ಹಾಕಿಸಲಿಲ್ಲ.

"ಅಕ್ಕಾರ, ಆವತ್ತು ನಾ ಸುಳ್ಳ ಹೇಳ್ದೆ," ಎಂದರು.

ನಾನು ಅವರ ಕಡೆ ತಿರುಗಿದೆ.

"ಆ ಪೆಟ್ಟಿಗ್ಯಾಗ ಒಂದ ಬಿಸ್ಕೀಟ್ ಡಬ್ಬಿ ಇತ್ರಿ. ಒಳಗ ಕಾಡತೂಸು. ಅಂಕಲ್ ಐಸಿಯು ಒಳಗ ಇದ್ದಾಗ ನನಗ ಕೀಲಿ ಕೊಟ್ಟು, ಅದನ್ನ ಕ್ಲಬ್ಬಿನ ಹಿರಿಯರಿಗೆ ಮುಟ್ಟಿಸು ಅಂದ್ರು. ನನಗ ಲೈಸೆನ್ಸ್ ಇಲ್ಲ, ಮುಟ್ಟಬಾರದು ಅಂತ ಗೊತ್ತಿದ್ದಿಲ್ರಿ. ಕಾರಿನ್ಯಾಗ ಇಟ್ಕೊಂಡ್ ಹೋಗಿ ಕೊಟ್ ಬಂದೆ. ಆಮ್ಯಾಲೆ ಗೊತ್ತಾತು. ನನ್ನ ಸಿಟಿಜನ್‌ಶಿಪ್ ಅರ್ಜಿ ಒಳಗದ. ನೀವು ಫೋಟೋ ಹೊಡದ್ರಿ, ನಂದು ಜೀವಾನ ಹೋತು."

"ಯಾವ ಕ್ಲಬ್ಬು?"

"ರೈಫಲ್ ಕ್ಲಬ್ರಿ. ನಾನ ಡ್ರೈವ್ ಮಾಡ್ಕೊಂಡ್ ಹೋಗ್ತಿದ್ದೆ. ವರ್ಷಕ್ಕ ಇಷ್ಟ ಸಲ ಹೋಗ್ಲೇಬೇಕು, ಇಲ್ಲಂದ್ರ ಲೈಸೆನ್ಸ್ ಉಳಿಯೂದಿಲ್ಲ. ವಿಭೂತಿ ಹಚ್ಕೊಂಡ ಬರ್ತಿದ್ರು. ಕಾಗದಕ್ಕ ನಾಕ್ ಗುಂಡು ಹೊಡದು, ಚಹಾ ಕುಡದು, ವಾಪಸ್ ಬರ್ತಿದ್ವಿ."

"ನನಗ್ಯಾಕ ಹೇಳ್ಲಿಲ್ಲ ಕಾಕಾ?"

"ನಿಮಗ ಹೇಳಿದ್ರ ಅವರ ಅಣ್ಣನ ಕಿವಿಗೆ ಹೋಗ್ತದ, ಅವರು ಮತ್ತ ತಪ್ಪ ತಿಳೀತಾರ ಅಂತಿದ್ರು. ಆ ಹಿರಿಯರಿಗೆ ಇವತ್ತ ಶೆಡ್ಡಿಗೆ ಬರ್ರಿ ಅಂತ ನಾನ ಫೋನ್ ಮಾಡೇನಿ. ಅವರಿಗೆಲ್ಲಾ ಗೊತ್ತದ."

ಆ ಚೌಕದ ಫೋಟೋವನ್ನು ನಾನು ಅಲ್ಲೇ, ಅವರಿಗೆ ಕಾಣುವ ಹಾಗೆ, ಅಳಿಸಿಹಾಕಿದೆ. ಆದರೂ ಮನಸ್ಸಿನೊಳಗೆ, ಇವರಿಬ್ಬರೂ ಮೊದಲೇ ಮಾತಾಡಿಕೊಂಡು ಒಂದು ಕಥೆ ಕಟ್ಟಿರಬಹುದಲ್ಲ ಎಂಬುದೊಂದು ಇದ್ದೇ ಇತ್ತು.

ಶೆಡ್ಡಿನಲ್ಲಿ ಕ್ಲಬ್ಬಿನ ಹಿರಿಯರು ಆಗಲೇ ಬಂದು ಸ್ಟೂಲಿನ ಮೇಲೆ ಕೂತಿದ್ದರು. ಎಂಬತ್ತರ ಹತ್ತಿರದ ತೆಳ್ಳನೆಯ ಮನುಷ್ಯ, ಕೈಗೆ ಸಂಧಿವಾತ. ಬಿಸ್ಕೀಟ್ ಡಬ್ಬಿ ಅವರ ತೊಡೆಯ ಮೇಲಿತ್ತು. ಡೀಲರ್ ಮೊದಲು ತಮ್ಮ ಡ್ರಾದಿಂದ ಸೈನ್ಯದ ಅಳತೆಯ ಒಂದು ಪೊಳ್ಳು ತೋಟಾ ತೆಗೆದು, ಅದರ ಮೊನೆಯನ್ನು ನಳಿಗೆಯ ಬಾಯಿಗೆ ಇಟ್ಟರು. ತುದಿ ಮಾತ್ರ ಒಳಗೆ ಹೋಗಿ ನಿಂತಿತು. ಆಮೇಲೆ ಹಿರಿಯರ ಡಬ್ಬಿಯಿಂದ ಒಂದು ತೋಟಾ ತೆಗೆದು ಪಕ್ಕದಲ್ಲಿ ನಿಲ್ಲಿಸಿದರು. ಬುಡ ಎರಡಕ್ಕೂ ಒಂದೇ, ಆದರೆ ಇದರ ಕುತ್ತಿಗೆ ಹಿಸುಕಿದ ಹಾಗೆ ಸಣ್ಣದು, ಗುಂಡೂ ಸಣ್ಣದು.

"ಈ ತೋಟಾ ಅಂಗಡಿಯಲ್ಲಿ ಸಿಗುವುದಿಲ್ಲ. ಅವನಿಗೆ ನಾನೇ ತುಂಬಿಕೊಡುತ್ತಿದ್ದೆ," ಎಂದರು ಹಿರಿಯರು.

ಡೀಲರ್ ವಿವರಿಸಿದರು. ಒಂದು ಕಾಲದಲ್ಲಿ ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಸೈನ್ಯದ ಅಳತೆಯ ಬಂದೂಕನ್ನು ಸಾಮಾನ್ಯ ಜನ ಇಟ್ಟುಕೊಳ್ಳುವಂತಿರಲಿಲ್ಲ. ಯುದ್ಧ ಮುಗಿದ ಮೇಲೆ ಹಳೆಯ ರೈಫಲ್‌ಗಳು ಅಗ್ಗವಾಗಿ ಸಿಗುತ್ತಿದ್ದವು. ರೈತರು ಅವನ್ನು ಕೊಂಡು, ಊರಿನ ಬಂದೂಕು ರಿಪೇರಿಯವರ ಹತ್ತಿರ ಸಣ್ಣ ರಂಧ್ರದ ನಳಿಗೆ ಹಾಕಿಸಿ, ಮರ ಕತ್ತರಿಸಿ, ಪಾಲಿಶ್ ಮಾಡಿಸಿ, ಮೊಲಕ್ಕೆ, ನರಿಗೆ ಉಪಯೋಗಿಸುತ್ತಿದ್ದರು. ಈ ಅಳತೆ ಈ ದೇಶದಲ್ಲಿ ಹುಟ್ಟಿದ್ದು, ಇಂಡಿಯಾದಲ್ಲಿ ಇದನ್ನು ಯಾರೂ ಮಾಡಿಸುತ್ತಿರಲಿಲ್ಲ. ಬೋಲ್ಟ್ ಸವೆದರೆ ಇನ್ನೊಂದರದ್ದು ತೆಗೆದು ಹಾಕುತ್ತಿದ್ದರು. ನಂಬರು ಕೂಡದಿರಲು ಅದೇ ಕಾರಣ.

"ನಳಿಗೆಯನ್ನು ಇಲ್ಲಿಗೆ ಬಂದ ಮೇಲೆ ಬದಲಾಯಿಸಿರಬಹುದಲ್ಲ? ನನ್ನ ಚಿಕ್ಕಪ್ಪನೇ ಬದಲಾಯಿಸಿರಬಹುದು," ಎಂದೆ.

ಡೀಲರ್ ನನ್ನನ್ನು ಒಮ್ಮೆ ನೋಡಿ, ಉತ್ತರ ಕೊಡದೆ ಸ್ಕ್ರೂ ಬಿಚ್ಚತೊಡಗಿದರು. ಮುಂಭಾಗದ ಮರ ಕಳಚಿ ಮಗುಚಿದಾಗ ಒಳಗೆ, ಕಬ್ಬಿಣ ಬಂದು ಒರಗುವ ಜಾಗದಲ್ಲಿ, ಎರಡು ತಾಮ್ರದ ತುಂಡುಗಳು ಹೊಳೆದವು. ಇಲ್ಲಿನ ಮರ ಮೆತ್ತಗೆ, ಗುಂಡು ಹಾರಿಸಿದಾಗಿನ ಒದೆತಕ್ಕೆ ಕುಸಿಯುತ್ತದೆ, ಅದಕ್ಕಾಗಿ ಇಲ್ಲಿನ ಕಾರ್ಖಾನೆಯವರು ತಾಮ್ರ ಕೂರಿಸುತ್ತಿದ್ದರು ಎಂದರು. ಮರ ಬೇರೆ ಬಂದೂಕಿನದಿರಬಹುದು ಎಂದೆ. ಅವರು ದೀಪ ಆರಿಸಿ, ಟಾರ್ಚನ್ನು ಆ ನುಣುಪು ಪಟ್ಟಿಗೆ ತಾಗುವಷ್ಟು ಓರೆಯಾಗಿ ಹಿಡಿದರು. ಬೆಳಕಿನಲ್ಲಿ ಕಾಣದ್ದು ನೆರಳಿನಲ್ಲಿ ಕಂಡಿತು. ಕಾರ್ಖಾನೆಯ ಊರಿನ ಹೆಸರಿನ ಕೊನೆಯ ಮೂರು ಇಂಗ್ಲಿಷ್ ಅಕ್ಷರ. ಅದು ಲಿತ್‌ಗೋ. ಸಿಡ್ನಿಯಿಂದ ನೀಲಿ ಬೆಟ್ಟ ದಾಟಿದರೆ ಸಿಗುವ ಊರು, ನಾವು ಅಪ್ಪನನ್ನು ಹಿಮ ನೋಡಲು ಕರೆದೊಯ್ದಾಗ ಚಹಾ ಕುಡಿದ ಊರು.

ಮರದ ಒಳಗಾಲುವೆಯಲ್ಲಿ ಪೆನ್ಸಿಲ್ ಬರಹವೂ ಇತ್ತು. ಯಾರದೋ ಹೆಸರಿನ ಮೊದಲಕ್ಷರಗಳು, ಒಂದು ತಿಂಗಳು, ಒಂದು ಇಸವಿ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆ ವರ್ಷ ಕಾಕಾನಿಗೆ ಎಂಟು. ಬೆಳಗಾವಿ ಕಡೆಯ ಹಳ್ಳಿಯಲ್ಲಿ ಸ್ಲೇಟು ಹಿಡಿದು ಶಾಲೆಗೆ ಹೋಗುತ್ತಿದ್ದ.

"ಈ ಅಕ್ಷರ ಯಾರವು ಎಂದು ನನಗೆ ಗೊತ್ತು," ಎಂದರು ಹಿರಿಯರು.

ಅವರು ಹೇಳಿದ ಪ್ರಕಾರ, ಕಾಕಾ ಈ ದೇಶಕ್ಕೆ ಬಂದ ಮೊದಲ ವರ್ಷಗಳಲ್ಲಿ ಮೆಲ್ಬರ್ನ್‌ಗೆ ಉತ್ತರದ ಗೋಧಿ ಸೀಮೆಯಲ್ಲಿ, ನ್ಯೂ ಸೌತ್ ವೇಲ್ಸ್ ಗಡಿಯ ನದಿಯ ಹತ್ತಿರ, ಕಾಳಿನ ತಪಾಸಣೆಯ ಕೆಲಸಕ್ಕಿದ್ದ. ಅಲ್ಲಿ ಒಬ್ಬ ಮುದುಕ ರೈತನ ಮನೆಯಲ್ಲಿ ಕೋಣೆ ಬಾಡಿಗೆ ಹಿಡಿದಿದ್ದ. ಪೆನ್ಸಿಲ್ ಅಕ್ಷರ ಆ ರೈತನವು. ಹೆಂಡತಿ ತೀರಿದ, ಮಕ್ಕಳಿಲ್ಲದ ಮನುಷ್ಯ. ಕಾಕಾ ಅವನಿಗೆ ಬೇಳೆ ಸಾರು ಕಲಿಸಿದ, ಅವನು ಕಾಕಾನಿಗೆ ಟ್ರ್ಯಾಕ್ಟರ್ ಕಲಿಸಿದ. ರೈತ ಹಾಸಿಗೆ ಹಿಡಿದಾಗ ಆರು ತಿಂಗಳು ನೋಡಿಕೊಂಡದ್ದು ಕಾಕಾನೇ. ಅವನು ಸಾಯುವಾಗ ಜಮೀನು ಬ್ಯಾಂಕಿಗೆ ಹೋಯಿತು. ತನ್ನದೆಂದು ಉಳಿದಿದ್ದ ಬಂದೂಕನ್ನು ಕಾಕಾನ ಹೆಸರಿಗೆ ಬರೆದ.

"ಮಾರಿಬಿಡು ಎಂದು ನಾನು ಎಷ್ಟೋ ಸಲ ಹೇಳಿದೆ," ಎಂದರು ಹಿರಿಯರು. "ನಂಬಿ ಕೊಟ್ಟದ್ದನ್ನು ಮಾರಬಾರದು ಎನ್ನುತ್ತಿದ್ದ. ಅದಕ್ಕಾಗಿಯೇ ಲೈಸೆನ್ಸ್ ತೆಗೆದು, ಇಷ್ಟು ವರ್ಷ ಕ್ಲಬ್ಬಿಗೆ ಬಂದ. ಗುರಿ ಮಾತ್ರ ಒಂದು ಸಲವೂ ಸರಿ ಬೀಳಲಿಲ್ಲ."

"ನನಗೆ ಯಾಕೆ ಬರೆದಿಟ್ಟ? ನಿಮಗೆ ಕೊಡಬಹುದಿತ್ತಲ್ಲ?"

ಉತ್ತರ ಕೊಟ್ಟವರು ಹುಬ್ಬಳ್ಳಿಯವರು. "ನನ್ನ ಅಣ್ಣನ ಮಗಳು ನಂಬರ್ ನೋಡದ ಯಾವುದನ್ನೂ ಬಿಡೂದಿಲ್ಲ, ಆಕಿ ಕೈಗೆ ಹೋಗ್ಲಿ ಅಂದಿದ್ರು, ಅಕ್ಕಾರ. ನನಗ ಆವಾಗ ಅರ್ಥ ಆಗಿದ್ದಿಲ್ಲ."

ನನಗೆ ಅರ್ಥವಾಯಿತು. ಅಣ್ಣ ಒಡೆಯದ ಕಾಗದದಲ್ಲಿ ಹೇಳಲಾಗದ್ದನ್ನು ಅವನು ನನ್ನ ಸಂಶಯದ ಕೈಗೆ ಒಪ್ಪಿಸಿದ್ದ. ಸಂತೋಷವಾಗಬೇಕಿತ್ತು. ನಾಚಿಕೆಯಾಯಿತು. ಎದುರಿಗೆ ಕೂತು ಒಂದು ಮಾತು ಕೇಳಿದ್ದರೆ ಅವನೇ ಹೇಳುತ್ತಿದ್ದನೇನೋ. ನಾನು ಎಷ್ಟೋ ಸಲ ಅವನ ಮನೆಯಲ್ಲಿ ಉಂಡು, ಬಂದೂಕಿನ ಮಾತು ತೆಗೆಯದೆ, ಅವನು ಕದ್ದಿರಬಹುದು ಎಂದು ಒಳಗೇ ಇಟ್ಟುಕೊಂಡು ಬಂದವಳು.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ತಾಮ್ರ, ಟಾರ್ಚು, ಪೆನ್ಸಿಲ್, ಒಂದೊಂದರ ಫೋಟೋ ತೋರಿಸಿದೆ. ಅವರು ಕೊನೆಯವರೆಗೂ ಕೇಳಿದರು.

"ಬ್ಯಾರೆ ಬಂದೂಕ ತಂದು ತೋರಿಸ್ಯಾರ," ಎಂದರು.

ಕೋಪ ಮಾಡಿಕೊಳ್ಳಲಾಗಲಿಲ್ಲ. ಅದೇ ಯೋಚನೆ ನನಗೂ ವಿಮಾನದಲ್ಲಿ ಬಂದಿತ್ತು. ಮೊದಲ ಸಲದ ಅರವತ್ತು ಫೋಟೋಗಳನ್ನು ಎರಡನೆಯ ಸಲದವುಗಳ ಪಕ್ಕ ಇಟ್ಟು, ಒಂದು ಸ್ಕ್ರೂವಿನ ತಲೆಯ ಮೇಲಿನ ಗಾಯ, ಹಿಂಬದಿ ಮರದ ಮೇಲಿನ ಕವಲೊಡೆದ ಗೀರು, ತಾಳೆ ಹಾಕಿ ನೋಡಿಯೇ ಮನೆಗೆ ಬಂದಿದ್ದೆ. ಅದನ್ನೂ ತೋರಿಸಿದೆ. ಅಪ್ಪ ಎದ್ದು ಕೋಣೆಗೆ ಹೋದರು.

ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಶನಿವಾರ ಬೆಳಿಗ್ಗೆ ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾಗ ಬಂದು, ಕುರ್ಚಿ ಎಳೆದು ಕೂತರು.

"ಅವ್ವ ಹೇಳಿದ್ಳು," ಎಂದರು.

"ಏನ್ ಹೇಳಿದ್ರು ಆಯಿ?"

"ಸಾಯೂಕಿಂತ ಮುಂಚೆ. ಬಂದೂಕನ್ನ ತಾನ ತಗದು, ಹಾಳಬಾಂವ್ಯಾಗ ಒಗದೇನಿ ಅಂದ್ಳು. ಇಬ್ಬರ ಮಕ್ಕಳಾಗ ಒಬ್ಬಾಂವ ದೂರ ಹೊಂಟಾನ, ಇನ್ನೊಬ್ಬಾಂವ ಸರಕಾರಿ ನೌಕರಿ, ಈ ಸುಡುಗಾಡ ಮನ್ಯಾಗ ಸಿಕ್ರ ಇಂವ ಜೇಲಿಗೆ ಹೋಗ್ತಾನ ಅಂತ."

"ಮತ್ತ ನೀವು?"

"ನಂಬಲಿಲ್ಲ. ಸಣ್ಣ ಮಗನ್ನ ಉಳಸ್ಲಿಕ್ಕೆ ಸುಳ್ಳ ಹೇಳ್ತಾಳ ಅಂದ್ಕೊಂಡೆ. ಆ ಬಾಂವಿ ಆಗಲೇ ಮುಚ್ಚಿತ್ತು, ಮ್ಯಾಲೆ ಮನಿ ಕಟ್ಟಿದ್ರು. ನೋಡೂದರ ಹೆಂಗ?"

ಆಯಿ ನಿಜವಾಗಿ ಹಾಗೆ ಹೇಳಿದ್ದಳೋ, ಅಥವಾ ಕಳ್ಳನಿಲ್ಲದ ಕಳವಿಗೆ ಈಗ ಅಪ್ಪನ ಮನಸ್ಸು ಒಂದು ಬಾವಿ ಹುಡುಕಿಕೊಂಡಿತೋ, ಇವತ್ತಿಗೂ ನನಗೆ ಗೊತ್ತಿಲ್ಲ. ತಾಳೆ ನೋಡಲು ಎರಡನೆಯ ಕಾಗದವಿಲ್ಲದ ಮಾತು ಅದು. ಕೇಳಬೇಕೆಂದು ಬಾಯಿಯವರೆಗೂ ಬಂತು. ಅವರ ಮುಖ ನೋಡಿ ಬಿಟ್ಟೆ.

ಬಂದೂಕನ್ನು ಕ್ಲಬ್ಬಿನ ಹಿರಿಯರ ಹೆಸರಿಗೆ ವರ್ಗ ಮಾಡಿಸಿದೆ. ಕಾಗದದಲ್ಲಿ ನಳಿಗೆಯ ಸರಿಯಾದ ಅಳತೆ, ಕಾರ್ಖಾನೆಯ ಊರು ಬರೆಸಿದ್ದನ್ನು ಓದಿ ನೋಡಿಯೇ ಸಹಿ ಹಾಕಿದ್ದು. ಹುಬ್ಬಳ್ಳಿಯವರಿಗೆ ಕೆಲವು ತಿಂಗಳ ಮೇಲೆ ಸಿಟಿಜನ್‌ಶಿಪ್ ಬಂತು.

ಮನೆ ಮಾರಾಟವಾಗುವ ಮೊದಲು ಅಪ್ಪ ತಾವಾಗಿಯೇ, ಮೆಲ್ಬರ್ನ್‌ಗೆ ಟಿಕೆಟ್ ಬುಕ್ ಮಾಡು ಎಂದರು. ಮನೆಗೆ ಹೋಗಲಿಲ್ಲ, ನೇರ ಸ್ಮಶಾನಕ್ಕೆ ಕರೆದೊಯ್ಯಲು ಹೇಳಿದರು. ಸಮುದ್ರದ ಗಾಳಿ ಜೋರಾಗಿತ್ತು. ಕಾಕಾನ ಸಮಾಧಿಯ ಮಣ್ಣಿನ ಮೇಲೆ ಹುಲ್ಲು ಹಬ್ಬುತ್ತಿತ್ತು, ಕಲ್ಲು ಇನ್ನೂ ಹಾಕಿಸಿರಲಿಲ್ಲ. ಅಪ್ಪ ನನ್ನ ಭುಜ ಹಿಡಿದು ನಿಧಾನಕ್ಕೆ ಕೆಳಗೆ ಕೂತು, ಒಂದು ಹಿಡಿ ಮಣ್ಣು ತೆಗೆದುಕೊಂಡು ಮತ್ತೆ ಅಲ್ಲೇ ಹಾಕಿದರು. ಹುಬ್ಬಳ್ಳಿಯವರು ದೂರ ಕಾರಿನ ಹತ್ತಿರ ನಿಂತಿದ್ದರು.

"ಅಂವ ನನ್ನ ಬಗ್ಗೆ ಏನರೆ ಅಂತಿದ್ನೇನು?" ಎಂದು ಹೊರಡುವಾಗ ಅಪ್ಪ ಅವರನ್ನು ಕೇಳಿದರು.

"ಇಲ್ರಿ ಅಂಕಲ್, ಕೆಟ್ಟದ್ದೇನೂ ಅಂತಿದ್ದಿಲ್ಲ."

ಅಪ್ಪ ತಲೆಯಾಡಿಸಿದರು. ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡ ಮೇಲೆ ನನ್ನ ಕಡೆ ತಿರುಗಿದರು.

"ಕಲ್ಲ ಹಾಕಸು. ಕನ್ನಡದಾಗ ಬರಸು. ಅಂವನ ಹೆಸರು, ಅದರ ಕೆಳಗ ಅಣ್ಣ ಅಂತ ನನ್ನ ಹೆಸರು."

ಕಲ್ಲು ಕೆತ್ತುವವರಿಗೆ ಕನ್ನಡ ಬರದು. ನಾನೇ ದೊಡ್ಡ ಅಕ್ಷರದಲ್ಲಿ ಬರೆದು ಕಳಿಸಿದೆ. ಅವರು ತಿಂಗಳ ಮೇಲೆ ಫೋಟೋ ಕಳಿಸಿದರು. ಅಪ್ಪ ಅದನ್ನು ನೋಡಿ, ಅಕ್ಷರ ಚಲೋ ಬಂದಾವ ಎಂದರು.